ಹದಿನಾಲ್ಕನೇ ನಿಮಿಷ

ಮೊದಮೊದಲು ಅದಕ್ಕೆ ನೀರೆಂದರೆ
ಅಲುಗುವ ಬೂದು, ಅಷ್ಟೆ.
ದಡವೆಂದರೆ ಅಲುಗದ ಬೂದು.
ಕ್ಯಾಮೆರಾದ ಮುಂದೆ ಕಡಲಹಕ್ಕಿ ಹಾದರೆ
ಬೆಟ್ಟವೇ ಹಾರಿತೆಂದು ಬೆಚ್ಚುತ್ತಿತ್ತು.

ಇದು ಅಲೆ ಇದು ಗಾಳಿ ಎಂದು
ಯಾರೂ ಬೆರಳಿಟ್ಟು ತೋರಿಸಲಿಲ್ಲ.
ಆಟ ಒಂದೇ: ಮುಂದಿನ ಕ್ಷಣ ಹೇಗಿರುತ್ತದೆ, ಹೇಳು.
ಹೇಳಿತು, ತಪ್ಪಿತು.
ತಪ್ಪಿದಷ್ಟನ್ನು ಒಳಗೆ ತಿದ್ದಿಕೊಂಡು
ಮತ್ತೆ ಹೇಳಿತು.
ಹೀಗೆ ಹನ್ನೊಂದು ವರ್ಷಗಳ ದಾಖಲೆ ಉಂಡಿತು,
ಸ್ಕಾರ್‌ವಿಕ್‌ನಿಂದ ಆಚೆ ದಡಕ್ಕೆ ದಿನಕ್ಕೆ ಹದಿನೆಂಟು ಸಲ,
ಚುಕ್ಕಾಣಿಯ ಮೇಲೆ ಹೆಚ್ಚಾಗಿ ಓಡ್ವಾರನ ಕೈ.

ಬೇಸಿಗೆ ಮುಗಿಯುವಷ್ಟರಲ್ಲಿ ಅದಕ್ಕೆ ತಿಳಿದಿತ್ತು
ಇಳಿತದ ಹೊತ್ತು ಸೇತುವೆಯಡಿ ಸೆಳೆತ ಎಡಕ್ಕೆಂದು,
ಮಂಜಿನ ಹಿಂದೆ ಹೊಕ್ಕ ಹಡಗು ಇಲ್ಲವಾಗುವುದಿಲ್ಲ,
ಹೊಕ್ಕ ವೇಗದಲ್ಲೇ ಆಚೆಯಿಂದ ಮೂತಿ ಹಾಕುತ್ತದೆಂದು.
ಎಂಟು ತಿಂಗಳ ಕೂಸಿಗೂ ಗೊತ್ತಿರುವ ಮಾತು.
ಆದರೂ ಅಂದು ನಾವು ಕೇಕ್ ಕತ್ತರಿಸಿದೆವು.

ಕ್ಯಾಮೆರಾ ಆರಿಸಿದರೂ ಈಗ
ತನ್ನೊಳಗಿನ ಫಿಯೋರ್ಡಿನಲ್ಲಿ ಅದು ಫೆರ್ರಿ ನಡೆಸಬಲ್ಲದು.
ಅಲ್ಲೂ ಅಲೆ, ಅಲ್ಲೂ ಡಿಸೆಂಬರಿನ ಮೂರು ಗಂಟೆಗೇ ಕತ್ತಲು.

ನನ್ನ ಕೆಲಸ ಅದು ಬೆಚ್ಚಿದ ಕಡೆ ಗುರುತು ಹಾಕುವುದು;
ಬೆಚ್ಚಬೇಕಾದಲ್ಲಿ ಬೆಚ್ಚದಿದ್ದರೆ
ಎರಡು ಗುರುತು.

ಹದಿನಾಲ್ಕನೇ ನಿಮಿಷದಲ್ಲಿ ಅದು ನಿಧಾನಿಸುತ್ತಿತ್ತು.
ಹನ್ನೆರಡು ನಾಟ್‌ನಿಂದ ಐದಕ್ಕೆ,
ತೊಟ್ಟಿಲ ಪಕ್ಕ ನಡೆಯುವವರ ಹಾಗೆ.
ಪ್ರತಿ ಸಲ. ಬಿಸಿಲಲ್ಲೂ ಹಿಮದಲ್ಲೂ.
ಆಳ ತೊಂಬತ್ತು ಮೀಟರು. ಬಂಡೆಯಿಲ್ಲ, ಸುಳಿಯಿಲ್ಲ.
ಹುಲ್ಲುಕಡ್ಡಿಯೂ ಸುಮ್ಮನೆ ಅಲುಗದು ಎಂದು
ತಾರ್ಯೈ ಮುಳುಗುಗಾರನನ್ನೇ ಇಳಿಸಿದ.
ದಡದ ಇಳಿಜಾರಿನಲ್ಲಿ ಸಿಕ್ಕಿದ್ದು ಒಂದು ಸೈಕಲ್ಲು.

ಕೊನೆಗೆ ಓಡ್ವಾರನನ್ನು ಹುಡುಕಿಕೊಂಡು ಹೋದೆ.
ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದ.
"ಓ, ಅದಾ? ಗುಡ್ನಿಯ ಕಟ್ಟೆ."
ಅಲ್ಲಿ ಅವಳದೊಂದು ಮರದ ದೋಣಿ ಇತ್ತಂತೆ.
ಒಮ್ಮೆ ಫೆರ್ರಿ ಎಬ್ಬಿಸಿದ ಅಲೆಗೆ ಕಲ್ಲಿಗೆ ಬಡಿದು
ಎರಡು ಹಲಗೆ ಸೀಳಿತಂತೆ.
ಅವಳು ಬೈಯಲಿಲ್ಲ. ಮರುದಿನ
ಹಣ್ಣಿನ ಜಾಮಿನ ಒಂದು ಜಾಡಿ ಕಳಿಸಿದಳು.
"ಬೈದಿದ್ದರೆ ಮರೆಯುತ್ತಿದ್ದೆ," ಎಂದ,
"ಜಾಡಿ ಖಾಲಿಯಾಗಲು ಚಳಿಗಾಲವಿಡೀ ಹಿಡಿಯಿತು."

ಗುಡ್ನಿ ಹೋಗಿ ಒಂಬತ್ತು ವರ್ಷ.
ದೋಣಿ ಅಕ್ಕನ ಮಗನ ಪಾಲಾಯಿತು, ಕಟ್ಟೆ ಬಿರುಗಾಳಿಯ ಪಾಲು.
ಮತ್ತೆ ನಿಧಾನಿಸಿದ್ದು ಯಾಕೆ, ಒಂಬತ್ತು ವರ್ಷ?
ಅವನು ತನ್ನ ಬಲಗೈಯತ್ತ ನೋಡಿದ,
ಉತ್ತರ ಅದು ಕೊಡಲಿ ಎಂಬಂತೆ.
ಬಣ್ಣ ಮೊಣಕೈಗೆ ಇಳಿಯುತ್ತಿತ್ತು.

ಯಂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ.
ಚಂದ್ರ ಎಳೆದ ನೀರು, ಜಾಮು ಎಳೆದ ಕೈ
ಎರಡನ್ನೂ ಒಂದೇ ಮಸಿಯಲ್ಲಿ ಬರೆದುಕೊಂಡಿದೆ.
ಲೋಕವೆಂದರೆ ಅದಕ್ಕೆ ಹೀಗೆ:
ಕಲ್ಲು ಮುಳುಗುತ್ತದೆ, ಹೊಗೆ ಏರುತ್ತದೆ,
ಹದಿನಾಲ್ಕರಲ್ಲಿ ಮೆಲ್ಲಗೆ ಹೋಗಬೇಕಾಗುತ್ತದೆ.

ತೆಗೆದುಬಿಡು, ಎಂದ ತಾರ್ಯೈ.
ಸಲಕ್ಕೆ ನಲವತ್ತು ಸೆಕೆಂಡು ನಷ್ಟ.
ಎಲ್ಲಿಂದ ತೆಗೆಯಲಿ? ಒಂದು ಜಾಗದಲ್ಲಿಲ್ಲ ಅದು,
ಸಾರಿಗೆ ಬಿದ್ದ ಉಪ್ಪು.

ರಾತ್ರಿ ಒಬ್ಬಳೇ ಕೂತು ಕೇಳಿದೆ:
ಕಣ್ಣು ಮುಚ್ಚಿಕೋ. ಹದಿನಾಲ್ಕನೇ ನಿಮಿಷಕ್ಕೆ ಹೋಗು.
ಏನಿದೆ, ಬಿಡಿಸಿ ತೋರಿಸು.
ಪರದೆಯ ಮೇಲೆ ಬೂದು ನೀರು. ಬೂದು ದಡ.
ಕಲ್ಲುಗಳ ಪಕ್ಕದಲ್ಲಿ ಕಂದು ಬಣ್ಣದ ಮಚ್ಚೆಯೊಂದು
ಏರುತ್ತ, ಇಳಿಯುತ್ತ.

ದೋಣಿಯಿರಬಹುದು,
ಮೊದಲೆರಡು ವರ್ಷದ ದಾಖಲೆಯಲ್ಲಿ ಅದು ಇದ್ದೀತು.
ಲೆನ್ಸಿಗೆ ಅಂಟಿದ ಕೊಳೆಯೂ ಇರಬಹುದು.

ಒಂದು ಗುರುತು ಹಾಕಿದೆ.
ಎರಡನೆಯದಕ್ಕೆ ಪೆನ್ನು ಎತ್ತಿದವಳು
ಕಾಫಿ ತರಲು ಎದ್ದುಹೋದೆ.